ಮಾವಿನಹಣ್ಣು ನನ್ನಿಂದ ತಿನ್ನಲ್ಪಟ್ಟಿತು

ವಿಜಯಪುರದಲ್ಲಿ ಈಗ ಒಂದು ಗೋಡೆ ಖಾಲಿ ಉಳಿದಿದೆ ಅಂದರೆ ಅದರ ಮುಂದೆ ಪುರಾತತ್ವ ಇಲಾಖೆಯ ಬೋರ್ಡು ಇರಲೇಬೇಕು. ಬಾಕಿ ಗೋಡೆ, ಕರೆಂಟ್ ಕಂಬ, ಆಟೋದ ಬೆನ್ನು, ಎಲ್ಲಾ ಕಡೆ ಒಂದೇ ಮಾತು: 30 ದಿನದಲ್ಲಿ ಪಟಪಟ ಇಂಗ್ಲಿಷ್! ಕೆಳಗೊಂದು ಮೊಬೈಲ್ ನಂಬರು. ಪಕ್ಕದಲ್ಲಿ ಹೆಡ್‌ಫೋನ್ ಹಾಕಿಕೊಂಡು ನಗುವ ಬಿಳಿ ಹೆಂಗಸಿನ ಫೋಟೋ. ಆಕೆ ಹುಟ್ಟಿದಾಗಿನಿಂದ ಇಂಗ್ಲಿಷೇ ಮಾತಾಡಿಕೊಂಡು ಬಂದಿರಬೇಕು. ಗಾಂಧಿ ಚೌಕದ ಹತ್ತಿರ ಮೂರನೇ ಮಹಡಿಯಲ್ಲಿ, ಝೆರಾಕ್ಸ್ ಅಂಗಡಿಯ ಮೇಲೆ ನಡೆಯುವ ಕ್ಲಾಸಿಗೂ ಆಕೆಗೂ ಏನು ಸಂಬಂಧ ಅಂತ ಇಲ್ಲಿಯವರೆಗೆ ಯಾರೂ ಕೇಳಿಲ್ಲ.

30 ದಿನ ಅನ್ನೋದು ಎಲ್ಲಿಂದ ಬಂತೋ ಗೊತ್ತಿಲ್ಲ, ಬಹುಶಃ ರೂಮಿನ ಬಾಡಿಗೆ ತಿಂಗಳಿಗೊಮ್ಮೆ ಕಟ್ಟಬೇಕಲ್ಲ, ಅದರಿಂದ ಬಂದಿರಬೇಕು. ಕೇಂಬ್ರಿಡ್ಜ್‌ನಲ್ಲಿ ಇಂಗ್ಲಿಷ್ ಪರೀಕ್ಷೆ ನಡೆಸುವವರ ಲೆಕ್ಕ ಬೇರೆ ಇದೆ. ಏನೂ ಬಾರದವರು ದಿನದ ಸಣ್ಣಪುಟ್ಟ ಮಾತು ಆಡುವ ಮಟ್ಟಕ್ಕೆ ಬರಲು ಸುಮಾರು 180ರಿಂದ 200 ಗಂಟೆ ಕಲಿಯಬೇಕಂತೆ. ಪರವೂರಿಗೆ ಹೋಗಿ ಒಬ್ಬರೇ ನಿಭಾಯಿಸಿಕೊಳ್ಳುವಷ್ಟು ಬೇಕು ಅಂದರೆ 350ರಿಂದ 400 ಗಂಟೆ. ನಮ್ಮಲ್ಲಿ ದಿನಕ್ಕೆ ಒಂದು ಗಂಟೆ. ಅದರಲ್ಲೂ ಭಾನುವಾರ ರಜೆ, ಅಮಾವಾಸ್ಯೆ ರಜೆ, ಕರೆಂಟ್ ಹೋದರೆ ರಜೆ, ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬಂದರೆ ಮಾಸ್ತರರೇ ಸಿಗೋದಿಲ್ಲ. ಆದರೂ 30ನೇ ದಿನ ಇಂಗ್ಲಿಷ್ ಪಟಪಟ. ಪಾಪ, ಕೇಂಬ್ರಿಡ್ಜ್‌ನವರಿಗೆ ಕಲಿಸೋದು ಗೊತ್ತಿಲ್ಲ ಅಷ್ಟೇ.

ಇಲ್ಲಿ ಕೂರುವ ಹುಡುಗರು ಇಂಗ್ಲಿಷನ್ನು ಮೊದಲ ಸಲ ನೋಡುತ್ತಿರುವವರಲ್ಲ. ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007ರಿಂದ ಒಂದನೇ ಕ್ಲಾಸಿನಲ್ಲೇ ಇಂಗ್ಲಿಷ್ ಇದೆ. ಅಂದರೆ ಪಿಯುಸಿ ಮುಗಿಸುವಷ್ಟರಲ್ಲಿ 12 ವರ್ಷ ಓದಿದ್ದಾಯಿತು. ಎಸ್ಸೆಸ್ಸೆಲ್ಸಿ ಬೋರ್ಡ್ ಪರೀಕ್ಷೆಯಲ್ಲಿ 80 ಅಂಕಕ್ಕೆ ಬರೆಯೋದೂ ಆಯಿತು. ಹೆಡ್ಮಾಸ್ತರರಿಗೆ ಮೂರು ದಿನದ ರಜೆ ಕೇಳಿ ಪತ್ರ ಬರೆಯಲು ಎಲ್ಲರಿಗೂ ಬರುತ್ತದೆ. ಅದೇ ರಜೆಯನ್ನು ಬಾಯಿಬಿಟ್ಟು ಕೇಳಿ ಅಂದರೆ, ಜ್ವರ ಇದ್ದರೂ ಕ್ಲಾಸಿಗೆ ಬಂದು ಕೂರುತ್ತಾರೆ. 12 ವರ್ಷ ಬಾಯಿಗೆ ಕೆಲಸವೇ ಕೊಡದೆ ಕಲಿಸಿದ್ದನ್ನು ಒಂದು ತಿಂಗಳಲ್ಲಿ ಸರಿಮಾಡುತ್ತೇವೆ ಅನ್ನುವವರು ಮತ್ತೆ ಬಾಯಿಗೆ ಕೆಲಸ ಕೊಡದೆಯೇ ಶುರುಮಾಡುತ್ತಾರೆ. ತಮಾಷೆ ಇರೋದು ಇಲ್ಲೇ.

ಮೊದಲ ದಿನವೇ ಟೆನ್ಸ್. ಗೋಡೆಯ ಮೇಲೆ ಉದ್ದದ ಚಾರ್ಟು, 12 ಮನೆ. ಮಾಸ್ತರರು ಕೋಲು ಹಿಡಿದು ಒಂದೊಂದೇ ಮನೆ ತೋರಿಸುತ್ತಾರೆ. ಐ ಈಟ್ ಎ ಮ್ಯಾಂಗೋ. ಐ ಆ್ಯಮ್ ಈಟಿಂಗ್ ಎ ಮ್ಯಾಂಗೋ. ಐ ಹ್ಯಾಡ್ ಬೀನ್ ಈಟಿಂಗ್ ಎ ಮ್ಯಾಂಗೋ. ಒಂದೇ ಹಣ್ಣನ್ನು ಒಂದು ವಾರ ತಿನ್ನುತ್ತಾರೆ. ಎರಡನೇ ವಾರ ಪ್ಯಾಸಿವ್ ವಾಯ್ಸ್, ಮಾವಿನಹಣ್ಣು ನನ್ನಿಂದ ತಿನ್ನಲ್ಪಟ್ಟಿತು. ಇಡೀ ಜಿಲ್ಲೆಯಲ್ಲಿ ಯಾವ ಮನುಷ್ಯನೂ, ಯಾವ ಭಾಷೆಯಲ್ಲೂ, ಹಣ್ಣು ತಿಂದದ್ದನ್ನು ಹೀಗೆ ಹೇಳಿಲ್ಲ. ಬೆಂಚಿನ ಮೇಲೆ ಕೂತವರಲ್ಲಿ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರ ಮಕ್ಕಳಿದ್ದಾರೆ. ಒಣದ್ರಾಕ್ಷಿ ಕೊಳ್ಳಲು ಹೊರಗಿನ ರಾಜ್ಯದವರು ಫೋನ್ ಮಾಡಿದರೆ ರೇಟು ಎಷ್ಟು, ಎಷ್ಟು ಬಾಕ್ಸ್ ಬೇಕು, ದುಡ್ಡು ಯಾವಾಗ ಹಾಕ್ತೀರಿ ಅಂತ ಕೇಳುವಷ್ಟು ಇಂಗ್ಲಿಷ್ ಅವರಿಗೆ ನಾಳೆ ಬೆಳಗ್ಗೆಯೇ ಬೇಕು. ಅದು ಸಿಲೆಬಸ್ಸಿನಲ್ಲಿಲ್ಲ. ಸಿಲೆಬಸ್ಸಿನಲ್ಲಿ ಮಾವು ಇದೆ.

ಮಾಸ್ತರರು ಒಂದು ವಾಕ್ಯ ಹೇಳಿದರೆ ಕ್ಲಾಸು ಒಟ್ಟಿಗೆ ಅದನ್ನೇ ಕೂಗುತ್ತದೆ. ಗೋಳಗುಮ್ಮಟದ ಒಳಗೆ ಒಂದು ಸಲ ಕೂಗಿದರೆ ಏಳು ಸಲ ಕೇಳಿಸುತ್ತದೆ ಅಂತಾರಲ್ಲ, ಹಾಗೆ. 17ನೇ ಶತಮಾನದಲ್ಲಿ ಕಟ್ಟಿದ ಗುಮ್ಮಟ ಇವತ್ತಿಗೂ ತನಗೆ ಕೇಳಿಸಿದ್ದನ್ನು ತಪ್ಪಿಲ್ಲದೆ ಹೇಳುತ್ತದೆ, ಒಳ್ಳೆಯ ಉಚ್ಚಾರಣೆ. ಆದರೆ ಅದರ ಹತ್ತಿರ ಹೋಗಿ 'ಹೌ ಆರ್ ಯೂ' ಅಂದರೆ ಅದೂ 'ಹೌ ಆರ್ ಯೂ' ಅನ್ನುತ್ತದೆಯೇ ಹೊರತು ಆರಾಮಿದ್ದೇನೆ ಅನ್ನೋದಿಲ್ಲ.

ಇನ್ನೊಂದು ನಿಯಮ ನೋಡಿ. ಕ್ಲಾಸಿನಲ್ಲಿ ಕನ್ನಡ ಮಾತಾಡಿದರೆ 10 ರೂಪಾಯಿ ದಂಡ. ಸುಮ್ನೆ ಕೂತರೆ ದಂಡ ಇಲ್ಲ. ನಮ್ಮ ಹುಡುಗರಿಗೆ ಇಂಗ್ಲಿಷ್ ಬಾರದಿರಬಹುದು, ವ್ಯವಹಾರ ಬರುತ್ತದೆ. ಇಡೀ ಬ್ಯಾಚು ತಿಂಗಳಿಡೀ ಬಾಯಿ ಮುಚ್ಚಿಕೊಂಡು ದುಡ್ಡು ಉಳಿಸುತ್ತದೆ. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಇದಕ್ಕೆ ಹೆಸರು ಸ್ಪೋಕನ್ ಇಂಗ್ಲಿಷ್.

ಕೊನೆಯ ವಾರ ಸೆಲ್ಫ್ ಇಂಟ್ರೊಡಕ್ಷನ್. ಇದೇ ಕೋರ್ಸಿನ ಕಿರೀಟ. ಹೆಸರು, ಊರು, ಅಪ್ಪ ರೈತ, ಅವ್ವ ಗೃಹಿಣಿ, ಹವ್ಯಾಸ ಕ್ರಿಕೆಟ್ ನೋಡುವುದು, ಸಾಮರ್ಥ್ಯ ಕಷ್ಟಪಟ್ಟು ದುಡಿಯುವುದು, ದೌರ್ಬಲ್ಯ ಎಲ್ಲರನ್ನೂ ಬೇಗ ನಂಬುವುದು. ಎಲ್ಲರ ದೌರ್ಬಲ್ಯವೂ ಅದೇ, ಫೀಸು ಕಟ್ಟಿದ್ದು ನೋಡಿದರೆ ಸುಳ್ಳೂ ಅಲ್ಲ. ಕನ್ನಡಿ ಮುಂದೆ ನಿಂತು ಹೇಳಿಕೊಳ್ಳಿ ಅಂತ ಮಾಸ್ತರರು ಹೇಳಿರುತ್ತಾರೆ. ಕನ್ನಡಿ ಮಧ್ಯದಲ್ಲಿ ಬಾಯಿ ಹಾಕೋದಿಲ್ಲ, ಪ್ರಶ್ನೆ ಕೇಳೋದಿಲ್ಲ, ಅದು ಬಹಳ ಒಳ್ಳೆಯ ಕೇಳುಗ.

ಇಂಥದೇ ಒಂದು ಬ್ಯಾಚಿನ ಸರ್ಟಿಫಿಕೇಟ್ ಹಂಚುವ ಕಾರ್ಯಕ್ರಮಕ್ಕೆ ನನ್ನನ್ನೂ ಕರೆದಿದ್ದರು. ಸ್ವಾಗತ ಇಂಗ್ಲಿಷಿನಲ್ಲಿ, ಕಾಗದ ನೋಡಿಕೊಂಡು. ಅತಿಥಿಗಳ ಭಾಷಣ ಇಂಗ್ಲಿಷಿನ ಮಹತ್ವದ ಬಗ್ಗೆ, ಪೂರ್ತಿ ಕನ್ನಡದಲ್ಲಿ. ಆಮೇಲೆ ಅತಿಥಿಗಳಿಗೆ ಏನನ್ನಿಸಿತೋ, ಸರ್ಟಿಫಿಕೇಟ್ ಕೊಡುವಾಗ ಒಬ್ಬ ಹುಡುಗನಿಗೆ ಇಂಗ್ಲಿಷಿನಲ್ಲೇ, ತಮ್ಮಾ ಊಟ ಆಯ್ತಾ ಅಂತ ಕೇಳಿಬಿಟ್ಟರು. ಹುಡುಗ ಒಂದು ಕ್ಷಣ ನಿಂತ. ಕೈ ಹಿಂದೆ ಕಟ್ಟಿದ. 'ಗುಡ್ ಮಾರ್ನಿಂಗ್ ಟು ಒನ್ ಆ್ಯಂಡ್ ಆಲ್, ಮೈಸೆಲ್ಫ್...' ಅಂತ ಶುರುಮಾಡಿ, ಹೆಸರು, ಊರು, ಅಪ್ಪ, ಅವ್ವ, ಕ್ರಿಕೆಟ್ ಎಲ್ಲಾ ಮುಗಿಸಿ, ದೌರ್ಬಲ್ಯ ಹೇಳಿಯೇ ಉಸಿರು ಬಿಟ್ಟ. ಹೊತ್ತು ಸಂಜೆ ಆರು ಗಂಟೆ. ಸಭೆ ಎರಡು ನಿಮಿಷ ಚಪ್ಪಾಳೆ ತಟ್ಟಿತು. ಅವನು ಊಟ ಮಾಡಿದ್ದನೋ ಇಲ್ಲವೋ ಇವತ್ತಿಗೂ ತಿಳಿದಿಲ್ಲ.

ಹುಡುಗನದೇನೂ ತಪ್ಪಿಲ್ಲ. ಅವನಿಗೆ ಭಾಷಣ ಕಲಿಸಿ, ಮಾತುಕತೆ ಕಲಿಸಿದ್ದೇವೆ ಅಂತ ರಸೀದಿ ಕೊಟ್ಟಿದ್ದಾರೆ. ಮಾತುಕತೆಗೆ ಎದುರಿಗೆ ಒಬ್ಬರು ಬೇಕು, ಅವರು ಹೇಳಿದ್ದು ಕೇಳಿಸಿಕೊಳ್ಳಬೇಕು, ತಿಳಿಯದಿದ್ದರೆ ಇನ್ನೊಮ್ಮೆ ಹೇಳ್ರಿ ಅನ್ನಬೇಕು, ತಿರುಗಿ ಒಂದು ಪ್ರಶ್ನೆ ಕೇಳಬೇಕು. ಯುರೋಪಿನವರು 2001ರಲ್ಲಿ ಭಾಷೆ ಕಲಿಯುವವರ ಮಟ್ಟ ಅಳೆಯಲು ಒಂದು ಚೌಕಟ್ಟು ತಂದರು. ಅದರ ಮೊದಲ ಮೆಟ್ಟಿಲು ಎ1. ಅಲ್ಲಿ ಇರುವವರು ತಮ್ಮ ಮನೆ, ಪರಿಚಯ, ಬೇಕಾದ ವಸ್ತು, ಇಷ್ಟರ ಬಗ್ಗೆ ಕೇಳಿದರೆ ಹೇಳಬೇಕು, ತಾವೂ ಕೇಳಬೇಕು. ಅದೂ ಎದುರಿನವರು ನಿಧಾನವಾಗಿ, ಬಿಡಿಸಿ ಮಾತಾಡಿ ಸ್ವಲ್ಪ ಸಹಾಯ ಮಾಡಿದರೆ ಸಾಕು. ಮಾವಿನಹಣ್ಣಿನ ಸುದ್ದಿಯೇ ಇಲ್ಲ.

ಇನ್ನು ನಮ್ಮ ಜಿಲ್ಲೆಯವರಿಗೆ ಭಾಷೆ ಕಲಿಯಲು ಬರೋದಿಲ್ಲ ಅನ್ನುವವರು ಒಮ್ಮೆ ಮಾರ್ಕೆಟ್ಟಿಗೆ ಹೋಗಿ ನಿಲ್ಲಲಿ. ತಾಂಡಾದಿಂದ ಬಂದ ಅಜ್ಜಿ ಮನೆಯಲ್ಲಿ ಲಂಬಾಣಿ, ಕಿರಾಣಿ ಅಂಗಡಿಯಲ್ಲಿ ಕನ್ನಡ, ಬಳೆ ಅಂಗಡಿಯಲ್ಲಿ ದಖನಿ ಮಾತಾಡಿ, ಸೊಲ್ಲಾಪುರಕ್ಕೆ ಹೋದರೆ ಮರಾಠಿಯಲ್ಲಿ ಜಗಳ ತೆಗೆದು ಎರಡು ರೂಪಾಯಿ ಕಡಿಮೆ ಮಾಡಿಸಿಕೊಂಡು ಬರುತ್ತಾಳೆ. ಅವಳಿಗೆ ಯಾರೂ ಚಾರ್ಟು ತೋರಿಸಿಲ್ಲ. ತಪ್ಪು ಮಾತಾಡಿದಾಗ ಜನ ನಕ್ಕಿರಬಹುದು, ದಂಡ ಮಾತ್ರ ಹಾಕಿಲ್ಲ.

ಹಾಗಂತ ತಪ್ಪೆಲ್ಲಾ ಮಾಸ್ತರರ ಮೇಲೆ ಹಾಕೋದೂ ಅನ್ಯಾಯ. ಯಾರಾದರೂ ಸರಿಯಾಗಿ ಕಲಿಸಲು ಹೊರಟರು ಅಂತಿಟ್ಟುಕೊಳ್ಳಿ. ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬನ ಕೈಗೆ ರೈಲಿನ ಟೈಮ್ ಟೇಬಲ್ ಕೊಟ್ಟು, ಇನ್ನೊಬ್ಬನಿಗೆ ಏನೂ ಕೊಡದೆ, ಬೆಂಗಳೂರಿಗೆ ಗೋಳಗುಮ್ಮಟ ಎಕ್ಸ್‌ಪ್ರೆಸ್ ಎಷ್ಟು ಗಂಟೆಗೆ ಅಂತ ಅವನಿಂದ ಕೇಳಿ ತಿಳಿದುಕೋ ಅಂದು, ತಾವು ಬದಿಗೆ ನಿಂತು ಸುಮ್ಮನಾದರೆ ಏನಾಗುತ್ತದೆ? ಮರುದಿನ ಅಪ್ಪಂದಿರು ಮೂರು ಮಹಡಿ ಹತ್ತಿ ಬರುತ್ತಾರೆ. 'ಏನ್ರೀ ಸರ, ಹುಡುಗ್ರಷ್ಟ ಮಾತಾಡ್ತಾವಂತ, ನೀವು ಸುಮ್ನ ನಿಂದರ್ತೀರಂತ. ಮತ್ತ ಫೀಸು ಯಾಕ ಕೊಡೂದು?' ಮಾಸ್ತರರು ಮತ್ತೆ ಕೋಲು ತೆಗೆದುಕೊಳ್ಳುತ್ತಾರೆ.

ಗೋಳಗುಮ್ಮಟದ ಗೇಟಿನ ಹತ್ತಿರ ಒಬ್ಬ ಟಾಂಗಾ ಹೊಡೆಯುವ ಕಾಕಾ ಇದ್ದಾರೆ. ಫಾರಿನ್‌ನವರು ಕಂಡರೆ ಸಾಕು. 'ವೇರ್ ಗೋ ಮೇಡಂ? ಇಬ್ರಾಹಿಂ ರೋಜಾ? ಬಿಗ್ ಕ್ಯಾನನ್? ಹೌ ಮೆನಿ ಪೀಪಲ್? ಟೂ? ಓಕೆ, ಕಮ್, ಸಿಟ್, ನೋ ಟೆನ್ಶನ್.' ಆಕೆ ಏನೋ ಉದ್ದ ಕೇಳಿದರೆ 'ಸ್ಲೋ, ಸ್ಲೋ ಮೇಡಂ' ಅನ್ನುತ್ತಾರೆ. ಆಕೆ ನಿಧಾನವಾಗಿ ಹೇಳುತ್ತಾಳೆ. ಮಲಿಕ್-ಎ-ಮೈದಾನ್ ತೋಪು ಮುಟ್ಟುವಷ್ಟರಲ್ಲಿ ಆಕೆಯ ಊರು, ಕೆಲಸ, ಮಕ್ಕಳೆಷ್ಟು, ನಮ್ಮ ಬಿಸಿಲು ಹೇಗನ್ನಿಸಿತು, ಎಲ್ಲಾ ಇವರಿಗೆ ಗೊತ್ತು. ಇವರ ಮೊಮ್ಮಗಳ ಲಗ್ನದ ಖರ್ಚು ಆಕೆಗೆ ಗೊತ್ತು.

ಸರ್ಟಿಫಿಕೇಟ್ ಹಂಚಿದ ಆ ಕ್ಲಾಸಿನ ಮಾಲೀಕರಿಗೆ ನಾನು ಹೇಳಿದೆ, ವಾರಕ್ಕೊಂದು ದಿನ ಈ ಕಾಕಾನ್ನ ಕರೆಸ್ರಿ, ಹುಡುಗರ ಜೊತೆ ಒಂದು ಗಂಟೆ ಹರಟೆ ಹೊಡೀಲಿ ಅಂತ. ಅವರು ನನ್ನನ್ನು ಕನಿಕರದಿಂದ ನೋಡಿದರು.

'ಅಲ್ರೀ ಸರ, ಅವ್ರಿಗೆ ಟೆನ್ಸ್ ಎಲ್ಲಿ ಬರ್ತಾವ್ರೀ? ಮತ್ತ ನಮ್ಮ ಕ್ಲಾಸಿನ್ಯಾಗ ಅಷ್ಟೊಂದು ಮಾತಾಡಾಕ ನಾವು ಯಾರಿಗೂ ಬಿಡೂದಿಲ್ರೀ. ಡಿಸಿಪ್ಲಿನ್ ಐತಿ.'