ದೀಪ ಆರಿಸಿ, ಸ್ವಲ್ಪ ಹೊತ್ತು ಸುಮ್ನಿರಿ

ನಿನ್ನೆ ರಾತ್ರಿಯ ಸಿಟ್ಟು ಇನ್ನೂ ಇಳಿದಿಲ್ಲ. ಅಮಾವಾಸ್ಯೆಯ ಕತ್ತಲು, ಒಂದು ತುಂಡು ಮೋಡ ಇಲ್ಲ, ಬೆಟ್ಟದ ತುದಿಯಲ್ಲಿ ಕೂತಿದ್ದೆ. ಒಂದು ಗುಂಪು ಬಂತು. ಬಂದವರೇ ಮೊಬೈಲ್ ಟಾರ್ಚ್ ಹಾಕಿದರು, ಸ್ಪೀಕರಿನಲ್ಲಿ ಭಕ್ತಿಗೀತೆ ಹಚ್ಚಿದರು. ಒಂದಷ್ಟು ಫೋಟೊ ತೆಗೆದುಕೊಂಡು, "ಇಲ್ಲಿ ಏನೂ ಕಾಣಲ್ಲ, ನಡೀರಿ" ಅಂತ ಹೊರಟೇಬಿಟ್ಟರು. ತಲೆ ಎತ್ತಿ ನೋಡಿದವರು ಒಬ್ಬರೂ ಇಲ್ಲ.

ಏನೂ ಕಾಣಲ್ಲವಂತೆ! ಕಾಣಬೇಕಾದರೆ ಕಣ್ಣಿಗೆ ಪುರುಸೊತ್ತು ಕೊಡಬೇಕು ಅಲ್ವಾ? ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20-30 ನಿಮಿಷ ಹಿಡಿಯುತ್ತದೆ. ನಡುವೆ ಯಾರಾದರೂ ಬೆಳಕು ಬಿಟ್ಟರೆ ಮುಗೀತು, ಮತ್ತೆ ಮೊದಲಿನಿಂದ. ಆ ಅರ್ಧ ಗಂಟೆಯಲ್ಲಿ ಆಗುವ ಪ್ರಾರ್ಥನೆ ನನಗೆ ಬೇರೆಲ್ಲೂ ಆಗಿಲ್ಲ. ಮೊದಲು ಬೆರಳೆಣಿಕೆಯ ನಕ್ಷತ್ರ. ಆಮೇಲೆ ಅವುಗಳ ನಡುವಿನ ಕಪ್ಪಿನಲ್ಲೂ ನಕ್ಷತ್ರ. ಕೊನೆಗೆ ಆಂಡ್ರೊಮಿಡಾ ಅನ್ನುವ ದೂರದ ಗ್ಯಾಲಕ್ಸಿ, ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ ಒಂದು ಮಸುಕು. ನೇರ ನೋಡಿದರೆ ಮಾಯ, ಕಣ್ಣು ತುಸು ಪಕ್ಕಕ್ಕೆ ಸರಿಸಿದರೆ ಮತ್ತೆ ಹಾಜರ್. ಮಂದ ಬೆಳಕು ಹಿಡಿಯುವ ಕೋಶಗಳು ನಮ್ಮ ಕಣ್ಣಿನ ನಟ್ಟನಡುವೆ ಇಲ್ಲ, ಅದರ ಸುತ್ತ ಇವೆ. ಆಂಡ್ರೊಮಿಡಾದ ಆ ಬೆಳಕು ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷ ಆಯಿತು. ಆಗ ನಮ್ಮಂಥ ಮನುಷ್ಯರು ಇನ್ನೂ ಹುಟ್ಟಿರಲಿಲ್ಲ. ಅಷ್ಟು ದೂರ ಬಂದು ನನ್ನ ಕಣ್ಣಲ್ಲಿ ಇಳಿಯಿತಲ್ಲ! ಪ್ರತಿ ಸಲವೂ ಕೈ ತಾನಾಗಿ ಮುಗಿಯುತ್ತದೆ.

ಇದನ್ನು ಟಾರ್ಚ್ ಹಾಕಿ ಕೊಲ್ಲುತ್ತಾರಲ್ಲ, ಅದೇ ನನ್ನ ಸಂಕಟ.

"ದೇವರು ಎಲ್ಲ ಕಡೆ ಇದ್ದಾನೆ, ಅದಕ್ಕೆ ಬೆಟ್ಟ ಯಾಕೆ ಹತ್ತಬೇಕು?" ಅಂತ ಕೇಳುವವರಿದ್ದೀರಿ. ಅವನು ಎಲ್ಲ ಕಡೆ ಇದ್ದಾನೆ, ನಿಜ. ನಮ್ಮ ಗಮನ ಎಲ್ಲಿದೆ? ಅಪ್ಪ ಹೋದ ಮೇಲೆ ದೇವರ ಮುಂದೆ ಕೂತರೆ ಬರೀ ಜಗಳ. ಈ ಆಕಾಶದ ಕೆಳಗೆ ಮಾತ್ರ ಜಗಳ ನಿಂತಿತು. ಉತ್ತರ ಏನೂ ಸಿಗಲಿಲ್ಲ. ಇಷ್ಟನ್ನೆಲ್ಲ ಹೊತ್ತು ನಿಂತವನು ನನ್ನ ದುಃಖವನ್ನೂ ಹೊರುತ್ತಾನೆ ಅನ್ನಿಸಿತು. ಅವತ್ತು ಜೋರಾಗಿ ಅತ್ತುಬಿಟ್ಟೆ. ಪಕ್ಕದಲ್ಲಿ ಸ್ಪೀಕರ್ ಇದ್ದಿದ್ದರೆ ಅಳೋಕೂ ಆಗುತ್ತಿರಲಿಲ್ಲ.

ಇನ್ನೊಂದು ಮಾತೂ ಕೇಳಿದ್ದೇನೆ. ಇಷ್ಟು ದೊಡ್ಡ ವಿಶ್ವದಲ್ಲಿ ನೀನು ಯಾವ ಲೆಕ್ಕ, ದೇವರಿಗೆ ನೀನು ಕಾಣ್ತೀಯಾ ಅಂತ. ಅಪೊಲೊ 8 ನೌಕೆಯಲ್ಲಿದ್ದ ಬೋರ್ಮನ್, ಲವೆಲ್, ಆಂಡರ್ಸ್ ಚಂದ್ರನನ್ನು ಸುತ್ತಿದ ಮೊದಲ ಮನುಷ್ಯರು. ಭೂಮಿಯನ್ನು ಅಷ್ಟು ಚಿಕ್ಕದಾಗಿ ಅವರಿಗಿಂತ ಮೊದಲು ಯಾರೂ ನೋಡಿರಲಿಲ್ಲ. 1968ರ ಡಿಸೆಂಬರ್ 24ರಂದು ಅವರು ಅಲ್ಲಿಂದ ಭೂಮಿಗೆ ಓದಿ ಕೇಳಿಸಿದ್ದು ಬೈಬಲ್ಲಿನ ಸೃಷ್ಟಿಯ ಮೊದಲ ಸಾಲುಗಳನ್ನು. ದೂರ ಹೋದಷ್ಟೂ ದೇವರು ದೂರ ಆಗುತ್ತಾನೆ ಅನ್ನುವವರು ಇದನ್ನೂ ಸ್ವಲ್ಪ ಯೋಚಿಸಲಿ.

ಅಷ್ಟೇ ಅಲ್ಲ. ನಾನು ಕೂರುವ ಬಂಡೆಗೆ ಕಲ್ಲುಹೂವು ಅಂಟಿಕೊಂಡಿದೆ. ಕತ್ತಲಲ್ಲಿ ಅಂಗೈಗೆ ಒರಟಾಗಿ, ಅಂಚಿನಲ್ಲಿ ಸುರುಟಿಕೊಂಡ ಹಾಗೆ ಸಿಗುತ್ತದೆ. ಶಿಲೀಂಧ್ರ, ಪಾಚಿ ಎರಡೂ ಕೂಡಿ ಒಂದೇ ಜೀವದ ಹಾಗೆ ಬದುಕುತ್ತವೆ. ವರ್ಷವಿಡೀ ಬೆಳೆದರೂ ಕೆಲವೇ ಮಿಲಿಮೀಟರ್. ಮೇಲೆ ಅಷ್ಟು ದೊಡ್ಡದು, ಕೈ ಕೆಳಗೆ ಇಷ್ಟು ಸಣ್ಣದು, ಎರಡನ್ನೂ ಮಾಡಿದವನು ಒಬ್ಬನೇ. ದೊಡ್ಡವರಿಗೆ ಸಣ್ಣವರು ಕಾಣಲ್ಲ ಅನ್ನೋದು ಮನುಷ್ಯರ ಬುದ್ಧಿ. ಅದನ್ನು ದೇವರ ತಲೆಗೆ ಕಟ್ಟಬೇಡಿ.