ಪ್ರೊಸೆಸರ್ ಒಂದನ್ನೇ ದೂರಬೇಡಿ

ಕಂಪ್ಯೂಟರಿನ ಪರದೆ ತಡವರಿಸಿದರೆ ಪ್ರೊಸೆಸರ್ (ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್) ಬದಲಿಸಿ ಎಂದು ನಿಮ್ಮ ಲೇಖನದಲ್ಲಿ ಹೇಳಿದ್ದೀರಿ. ದಯವಿಟ್ಟು ಜನರನ್ನು ಆ ಖರ್ಚಿಗೆ ತಳ್ಳಬೇಡಿ.

ತೀರ್ಥಹಳ್ಳಿಯ ನನ್ನ ಡಿಟಿಪಿ ಅಂಗಡಿಯಲ್ಲಿ ಒಂದೇ ಪ್ರೊಸೆಸರಿನ ಎರಡು ಕಂಪ್ಯೂಟರ್‌ಗಳಿವೆ. ಒಂದರಲ್ಲಿ ಲಗ್ನಪತ್ರಿಕೆಯ ಪುಟವನ್ನು ಎಳೆದರೆ ಬೆಣ್ಣೆಯಂತೆ ಜಾರುತ್ತಿತ್ತು. ಇನ್ನೊಂದರಲ್ಲಿ ಮೌಸ್ ಮುಂದೆ ಹೋದ ಮೇಲೆ ವಿಂಡೋ ತುಂಡುತುಂಡಾಗಿ ಹಿಂದೆ ಬರುತ್ತಿತ್ತು. ಯಂತ್ರಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದು ನೋಡಿದೆ: ಚಿತ್ರ ಬಿಡಿಸುವ ಚಿಪ್ಪನ್ನು ನಡೆಸುವ ತಂತ್ರಾಂಶವಾದ ಗ್ರಾಫಿಕ್ಸ್ ಡ್ರೈವರನ್ನೇ ಹಾಕಿರಲಿಲ್ಲ. ಚಿತ್ರ ಬಿಡಿಸುವ ಕೆಲಸವೆಲ್ಲ ಪ್ರೊಸೆಸರಿನ ತಲೆಗೇ ಬಿದ್ದಿತ್ತು.

ಆ ಹೊರೆ ಎಷ್ಟೆಂದು ಲೆಕ್ಕ ಹಾಕಿ. 1920×1080 ಪರದೆಯಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕಿಗಳು; ಪ್ರತಿ ಚುಕ್ಕಿಗೆ 4 ಬೈಟ್; ಸೆಕೆಂಡಿಗೆ 60 ಸಲ ಪೂರ್ತಿ ಹೊಸದಾಗಿ ಬಿಡಿಸಿದರೆ ಸುಮಾರು 500 ಎಂಬಿ. 1985ರ ಅಮಿಗಾ ಕಂಪ್ಯೂಟರಿನಲ್ಲಿ ಪರದೆಯ ಚಿತ್ರದ ತುಣುಕುಗಳನ್ನು ಸರಿಸಲೆಂದೇ ಬ್ಲಿಟರ್ ಎಂಬ ಯಂತ್ರಾಂಶವಿತ್ತು. ಪ್ರೊಸೆಸರ್ ಮಾತ್ರ 1984ರ ಮ್ಯಾಕಿಂಟಾಷ್‌ನಲ್ಲಿದ್ದ ಅದೇ ಮೊಟೊರೋಲಾ 68000! ವೇಗದ ಗುಟ್ಟು ಕೆಲಸ ಹಂಚುವುದರಲ್ಲಿದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಗ್ರಾಫಿಕ್ಸ್ ಕಾರ್ಡ್ ಪ್ರತ್ಯೇಕವಾಗಿ ಇಲ್ಲದಿದ್ದರೆ ರ‍್ಯಾಮ್ ಎಂಬ ತಾತ್ಕಾಲಿಕ ಸ್ಮರಣೆಯ ಕಡೆಗೂ ಗಮನ ಕೊಡಿ. ಪರದೆಯ ಚಿತ್ರಕ್ಕೂ ಅದೇ ಜಾಗ, ಅದೇ ದಾರಿ. ಆ ಸ್ಮರಣೆಗೆ ಎರಡು ದಾರಿಗಳಿರುವ (ಡ್ಯುಯಲ್ ಚಾನೆಲ್) ಬೋರ್ಡಿನಲ್ಲಿ 8 ಜಿಬಿಯ ಒಂದೇ ಪಟ್ಟಿಗಿಂತ 4 ಜಿಬಿಯ ಎರಡು ಪಟ್ಟಿಗಳು ಮೇಲು.

ನಮ್ಮ ಕಡೆ ಇನ್ನೊಂದು ಪೀಡೆಯಿದೆ. ಮಳೆಗಾಲದ ತೇವಕ್ಕೆ ಫ್ಯಾನಿನ ಧೂಳು ಕೆಸರಿನಂತೆ ಮೆತ್ತಿಕೊಳ್ಳುತ್ತದೆ, ಗಾಳಿಯಾಡುವುದಿಲ್ಲ. ಕಾವೇರಿದ ಚಿಪ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಆರಿದ್ರಾ ಮಳೆ ಹಿಡಿಯುವ ಮೊದಲೇ ನಾನು ಎರಡೂ ಕಂಪ್ಯೂಟರ್‌ಗಳನ್ನು ಬಿಚ್ಚಿ, ಬಣ್ಣದ ಬ್ರಷ್ಷಿನಿಂದ ಗುಡಿಸಿಡುತ್ತೇನೆ.