ಸಲಿಕೆಗೆ ಒರಗಿ ನಿಂತವರು

ಹೋದ ವರ್ಷ ಮಗಳ ಮನೆಗೆ ಅಮೆರಿಕಕ್ಕೆ ಹೋದಾಗ ಬೆಳಗಿನ ವಾಕಿಂಗಿಗೆ ಬರ್ಕ್ಲಿಯ ಫುಟ್‌ಪಾತೇ ಗತಿ. ಒಂದು ದಿನ ಷೂ ಲೇಸು ಕಟ್ಟಲು ಬಗ್ಗಿದರೆ ಕಾಂಕ್ರೀಟಿನಲ್ಲಿ ಅಚ್ಚೊತ್ತಿದ ಅಕ್ಷರಗಳು ಕಂಡವು: ಡಬ್ಲ್ಯುಪಿಎ, 1940. ನಮ್ಮೂರಾಗಿದ್ದರೆ ಶಾಸಕರ ಹೆಸರಿನ ಫಲಕ ಉಳಿದು ರಸ್ತೆ ಕಿತ್ತುಹೋಗಿರುತ್ತಿತ್ತು ಅಂತ ಅಳಿಯನ ಹತ್ತಿರ ತಮಾಷೆ ಮಾಡಿದೆ. ಅವನು ನಗಲಿಲ್ಲ. "ಮಾವ, ಅದು ಇಲ್ಲಿನ ನರೇಗಾ" ಅಂದ.

ಅದು ಅಷ್ಟು ಸರಿಯಾದ ಹೋಲಿಕೆಯಲ್ಲ. ನರೇಗಾದಲ್ಲಿ, ಅಂದರೆ ನಮ್ಮ ಉದ್ಯೋಗ ಖಾತ್ರಿಯಲ್ಲಿ, ಕೆಲಸ ಕೇಳುವುದು ಕಾನೂನು ಕೊಟ್ಟ ಹಕ್ಕಾಗಿತ್ತು. ಡಬ್ಲ್ಯುಪಿಎ ಅಂದರೆ ಕೆಲಸ ಕಳೆದುಕೊಂಡವರಿಗೆ ಅಲ್ಲಿನ ಸರ್ಕಾರವೇ ಕೂಲಿ ಕೊಟ್ಟು ದುಡಿಸಿದ ಯೋಜನೆ; ಕಷ್ಟಕಾಲಕ್ಕೆಂದು ತೆರೆದು, ಆಮೇಲೆ ಮುಚ್ಚಿದ ಅಂಗಡಿ. ಆದರೂ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಉಳಿದ ಎರಡು ತಿಂಗಳು ಅಲ್ಲಿನ ಲೈಬ್ರರಿಯಲ್ಲಿ 1930ರ ದಶಕದ ಮಹಾ ಕುಸಿತದ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ನಿವೃತ್ತನಿಗೆ ಇನ್ನೇನು ಕೆಲಸ.

1929ರ ಅಕ್ಟೋಬರಿನಲ್ಲಿ ಷೇರುಪೇಟೆ ಬಿದ್ದ ಕಥೆ ಎಲ್ಲರಿಗೂ ಗೊತ್ತು. ನಾನು ಬ್ಯಾಂಕಿನವನಾದ್ದರಿಂದ ನನ್ನ ಕಣ್ಣು ಆಮೇಲಿನದರ ಮೇಲೆ. 1930ರಿಂದ 1933ರೊಳಗೆ ಅಲ್ಲಿ ಸುಮಾರು 9,000 ಬ್ಯಾಂಕುಗಳು ಮುಳುಗಿದವು. ಬಹಳಷ್ಟು ಸಣ್ಣ ಊರಿನ ಬ್ಯಾಂಕುಗಳು. ಠೇವಣಿಗೆ ದೇಶವ್ಯಾಪಿ ವಿಮೆ ಇರಲಿಲ್ಲ. ಊರಿನ ಬ್ಯಾಂಕು ಬಾಗಿಲು ಹಾಕಿದರೆ ಏನಾಗುತ್ತದೆ ಅನ್ನುವುದನ್ನು ಗ್ರಾಮೀಣ ಶಾಖೆಯಲ್ಲಿ ಕೂತವನಿಗೆ ಬಿಡಿಸಿ ಹೇಳಬೇಕಿಲ್ಲ. ರೈತನ ಫಸಲಿನ ದುಡ್ಡು, ಕಿರಾಣಿ ಅಂಗಡಿಯ ಸಾಲ, ಮಗಳ ಮದುವೆಗೆ ಎತ್ತಿಟ್ಟದ್ದು ಎಲ್ಲ ಒಂದೇ ದಿನ ಹೋಯಿತು. ಇತ್ತ ಬೆಳೆಗೆ ಬೆಲೆ ಇಲ್ಲ. ಮೆಕ್ಕೆಜೋಳ ಮಾರುವುದಕ್ಕಿಂತ ಒಲೆಗೆ ಹಾಕಿ ಚಳಿ ಕಾಯಿಸಿಕೊಳ್ಳುವುದೇ ವಾಸಿ ಅನ್ನುವ ಸ್ಥಿತಿ. ಸಾಲದ ಅಂಕಿ ಮಾತ್ರ ಪುಸ್ತಕದಲ್ಲಿ ಇದ್ದಲ್ಲೇ ಇತ್ತು. 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ.

ಆಗಿನ ಅಧ್ಯಕ್ಷ ಹರ್ಬರ್ಟ್ ಹೂವರ್ ಅವರನ್ನು ಕಲ್ಲೆದೆಯವರು ಅಂತ ಬೈಯುವುದು ರೂಢಿ. ನನಗೆ ಹಾಗನ್ನಿಸಲಿಲ್ಲ. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂ ಹಸಿದಾಗ ಹಡಗುಗಟ್ಟಲೆ ಧಾನ್ಯ ಮುಟ್ಟಿಸಿ ಲಕ್ಷಾಂತರ ಜನರಿಗೆ ಉಣ್ಣಿಸಿದ ಮನುಷ್ಯ ಅವರೇ. ಜಗತ್ತಿಗೆ ಅವರು ಗೊತ್ತಾದದ್ದೇ ಅನ್ನದಾತ ಎಂದು. ಅಂಥವರು ತಮ್ಮ ದೇಶ ಹಸಿದಾಗ, ಕೇಂದ್ರ ಸರ್ಕಾರ ನೇರವಾಗಿ ದುಡ್ಡು ಕೊಟ್ಟರೆ ಜನರ ಸ್ವಭಾವ ಕೆಡುತ್ತದೆ, ಅದು ಸ್ಥಳೀಯರ, ದಾನಿಗಳ ಕೆಲಸ ಅಂತ ಹಟ ಹಿಡಿದು ಕೂತರು. ಬ್ಯಾಂಕುಗಳಿಗೆ, ರೈಲ್ವೆ ಕಂಪನಿಗಳಿಗೆ ಸಾಲ ಕೊಡಲು 1932ರಲ್ಲಿ ನಿಗಮವನ್ನೇ ಕಟ್ಟಿದರು. ಕಂಪನಿಗೆ ಕೊಟ್ಟರೆ ಕೆಡದ ಸ್ವಭಾವ ಕೂಲಿಯವನಿಗೆ ಕೊಟ್ಟರೆ ಹೇಗೆ ಕೆಡುತ್ತದೋ, ಮೂವತ್ತು ವರ್ಷ ಸಾಲದ ಫೈಲು ನೋಡಿದ ನನಗೂ ಅರ್ಥವಾಗಿಲ್ಲ. ಊರಾಚೆ ತಗಡು, ರಟ್ಟು ಸೇರಿಸಿ ಕಟ್ಟಿಕೊಂಡ ಗುಡಿಸಲುಗಳಿಗೆ ಜನ 'ಹೂವರ್‌ವಿಲ್' ಅಂತ ಹೆಸರಿಟ್ಟರು.

1933ರ ಮಾರ್ಚ್ 4ರಂದು ರೂಸ್‌ವೆಲ್ಟ್ ಅಧ್ಯಕ್ಷರಾಗಿ ಬಂದರು. ಬಂದವರೇ ದೇಶದ ಎಲ್ಲ ಬ್ಯಾಂಕುಗಳಿಗೂ ರಜೆ ಘೋಷಿಸಿದರು. 12ರ ಭಾನುವಾರ ರಾತ್ರಿ ರೇಡಿಯೋದಲ್ಲಿ ಕೂತು, ನೀವು ಇಟ್ಟ ದುಡ್ಡನ್ನು ಬ್ಯಾಂಕು ಏನು ಮಾಡುತ್ತದೆ ಅನ್ನುವಲ್ಲಿಂದ ಶುರುಮಾಡಿ, ಯಾಕೆ ಮುಚ್ಚಿದೆವು, ಹೇಗೆ ತೆರೆಯುತ್ತೇವೆ ಅಂತ ಮನೆಮಂದಿಗೆ ಹೇಳಿದ ಹಾಗೆ ಹೇಳಿದರು. ಮರುದಿನದಿಂದ ಬ್ಯಾಂಕುಗಳು ತೆರೆದಾಗ ಜನ ದುಡ್ಡು ಕಟ್ಟಲು ಸಾಲು ನಿಂತರು. ಬಾಗಿಲಲ್ಲಿ ಗಾಬರಿಯಾದ ನಾಲ್ಕು ಜನ ನಿಂತರೇ ಮ್ಯಾನೇಜರಿಗೆ ಬೆವರಿಳಿಯುತ್ತದೆ. ನನ್ನ ಮಟ್ಟಿಗೆ ಇದು ಪವಾಡಕ್ಕೆ ಕಡಿಮೆಯಲ್ಲ.

ಆದರೆ ನಾನು ಹೇಳಹೊರಟಿದ್ದು ಹ್ಯಾರಿ ಹಾಪ್ಕಿನ್ಸ್ ಎಂಬ ಇನ್ನೊಬ್ಬರ ಬಗ್ಗೆ. ಸಮಾಜ ಸೇವಾ ಕಾರ್ಯಕರ್ತ. 1933ರ ಮೇ ತಿಂಗಳಲ್ಲಿ ಪರಿಹಾರದ ಹೊಣೆ ಹೊತ್ತವರು ಮೊದಲ ಎರಡು ಗಂಟೆಯಲ್ಲೇ 50 ಲಕ್ಷ ಡಾಲರಿಗೂ ಹೆಚ್ಚು ಹಣ ರಾಜ್ಯಗಳಿಗೆ ಬಿಡುಗಡೆ ಮಾಡಿದರಂತೆ. ಆ ನವೆಂಬರಿನಲ್ಲಿ, ಚಳಿಗಾಲ ಕತ್ತಿನ ಮೇಲೆ ಕೂತಿದ್ದಾಗ, ತಾತ್ಕಾಲಿಕ ಕಾಮಗಾರಿಗಳನ್ನು ಶುರುಮಾಡಿದರು. ಜನವರಿಯೊಳಗೆ 40 ಲಕ್ಷಕ್ಕೂ ಹೆಚ್ಚು ಜನರಿಗೆ ಕೆಲಸ ಸಿಕ್ಕಿತ್ತು. ಅಷ್ಟು ಜನರಿಗೆ ವಾರವಾರ ಕೂಲಿ ಬಟವಾಡೆ ಮಾಡುವುದು ಹೇಗೆ? ಹೊಸ ಇಲಾಖೆ ಕಟ್ಟುತ್ತ ಕೂರಲಿಲ್ಲ. ಮಾಜಿ ಸೈನಿಕರ ಇಲಾಖೆಗೆ ಊರೂರಲ್ಲಿ ಹಣ ಹಂಚಿ ಅಭ್ಯಾಸವಿತ್ತು, ಅದರ ಕೈಗೇ ಚೆಕ್ಕಿನ ಕೆಲಸ ವಹಿಸಿದರು. ಈ ಒಂದು ವಿವರ ಓದಿದಾಗ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಆ ಯೋಜನೆಯನ್ನು ಖರ್ಚು ಜಾಸ್ತಿ ಅಂತ ವಸಂತದಲ್ಲೇ ನಿಲ್ಲಿಸಿದ್ದು ರೂಸ್‌ವೆಲ್ಟ್ ಅವರೇ. ಪುಕ್ಕಟೆ ಪರಿಹಾರ ಅಫೀಮಿದ್ದ ಹಾಗೆ ಎಂಬರ್ಥದ ಮಾತನ್ನು 1935ರಲ್ಲಿ ಆಡಿದ್ದೂ ಅವರೇ. 'ಬಿಟ್ಟಿ ಭಾಗ್ಯ' ಅಂತ ದಿನಾ ಪೋಸ್ಟ್ ಹಾಕುವ ನನ್ನ ಸ್ನೇಹಿತರು ಇದನ್ನು ಧಾರಾಳವಾಗಿ ಬಳಸಿಕೊಳ್ಳಬಹುದು. ಆದರೆ ಅಷ್ಟಕ್ಕೇ ನಿಲ್ಲಬೇಡಿ. ಅದೇ ವರ್ಷ ಅವರು ಡಬ್ಲ್ಯುಪಿಎ ಶುರುಮಾಡಿದರು. 1943ರವರೆಗೆ ಸುಮಾರು 85 ಲಕ್ಷ ಜನ ಅದರಲ್ಲಿ ದುಡಿದರು. ರಸ್ತೆ, ಶಾಲೆ, ಸೇತುವೆ ಸರಿ. ಕೆಂಟಕಿಯ ಬೆಟ್ಟಗಳಲ್ಲಿ ಹೆಂಗಸರು ಕುದುರೆ ಏರಿ ಮನೆಮನೆಗೆ ಪುಸ್ತಕ ಹೊತ್ತೊಯ್ದದ್ದೂ ಅದೇ ದುಡ್ಡಿನಲ್ಲಿ. ಹಿಂದೆ ಗುಲಾಮರಾಗಿದ್ದ 2,000ಕ್ಕೂ ಹೆಚ್ಚು ಮುದುಕರ ನೆನಪುಗಳನ್ನು ಕೂತು ಬರೆದುಕೊಂಡರು. ಅದನ್ನು ಬರೆದವರೂ ಕೆಲಸ ಕಳೆದುಕೊಂಡವರೇ.

ಆಗಲೂ ಊರೆಲ್ಲ ಗೇಲಿ. ಡಬ್ಲ್ಯುಪಿಎ ಕೂಲಿಯವನೆಂದರೆ ಸಲಿಕೆಗೆ ಒರಗಿ ನಿಂತವನು, ಪತ್ರಿಕೆಗಳ ವ್ಯಂಗ್ಯಚಿತ್ರಗಳಲ್ಲೂ ಹಾಗೇ. ನಮ್ಮ ಸ್ಟಾಫಿನ ಟೀ ಟೈಮಿನಲ್ಲಿ ನರೇಗಾವನ್ನು 'ಗುಂಡಿ ತೋಡು, ಗುಂಡಿ ಮುಚ್ಚು ಯೋಜನೆ' ಅಂತ ನಾವು ನಕ್ಕದ್ದು ನೆನಪಾಯಿತು. ಅದರಲ್ಲಿ ನನ್ನ ದನಿ ಸ್ವಲ್ಪ ಜೋರಾಗಿಯೇ ಇತ್ತು.

ಹಾಗಂತ ಎಲ್ಲವೂ ಚಂದವಿರಲಿಲ್ಲ. ಬೆಲೆ ಏರಿಸಬೇಕೆಂದು 1933ರಲ್ಲಿ ಸುಮಾರು 60 ಲಕ್ಷ ಹಂದಿಮರಿಗಳನ್ನು ಕೊಲ್ಲಿಸಿದರು, ಬೆಳೆದು ನಿಂತ ಹತ್ತಿಯ ಮೇಲೆ ನೇಗಿಲು ಹೊಡೆಸಿ ಮಣ್ಣುಪಾಲು ಮಾಡಿಸಿದರು. ಬೆಳೆ ಬಿಟ್ಟದ್ದಕ್ಕೆ ಪರಿಹಾರ ಹೋದದ್ದು ಜಮೀನು ಮಾಲೀಕನಿಗೆ. ಕೋರು ಪಾಲಿಗೆ ಉಳುತ್ತಿದ್ದವರು, ಅದರಲ್ಲೂ ದಕ್ಷಿಣದ ಕಪ್ಪು ಜನ, ಒಕ್ಕಲೆದ್ದರು. 1935ರ ಸಾಮಾಜಿಕ ಭದ್ರತಾ ಕಾಯ್ದೆಯ ಪಿಂಚಣಿಯಿಂದ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟರು. ಯಾರು ಬಿಟ್ಟುಹೋದರು ಅಂತ ಬೇರೆ ಹೇಳಬೇಕಿಲ್ಲ. 1937ರಲ್ಲಿ ಇನ್ನೇನು ಚೇತರಿಸಿಕೊಂಡೆವು ಅಂತ ಖರ್ಚಿಗೆ ಕತ್ತರಿ ಹಾಕಿದ್ದೇ ತಡ, ನಿರುದ್ಯೋಗ ಮತ್ತೆ ಏರಿತು. ಕೊನೆಗೆ ಪೂರ್ತಿ ಕೆಲಸ ಕೊಟ್ಟದ್ದು ಎರಡನೇ ಮಹಾಯುದ್ಧ. ಹಾಗಾಗಿ ಈ ಯೋಜನೆಗಳು ಕುಸಿತವನ್ನು ವಾಸಿಮಾಡಿದವು ಅಂತ ನಾನು ಹೇಳುವುದಿಲ್ಲ. ಆ ಹತ್ತು ವರ್ಷ ಜನ ಉಳಿದುಕೊಳ್ಳಬೇಕಿತ್ತಲ್ಲ, ಅದಕ್ಕೆ ಒದಗಿದವು. ಅದರಲ್ಲೂ ನನಗೆ ಮುಖ್ಯ ಅನ್ನಿಸುವುದು ಕೂಲಿ ಎಷ್ಟು ದಿನಕ್ಕೆ ಕೈಗೆ ಬಂತು ಅನ್ನುವುದು. ಹಾಪ್ಕಿನ್ಸ್‌ಗೆ ಗೊತ್ತಿದ್ದದ್ದು ಅದು.

ಚೆಕ್ಕಿನ ವಿಷಯಕ್ಕೆ ಬರುತ್ತೇನೆ. ಕೊಪ್ಪಳ ಜಿಲ್ಲೆಯ ಒಂದು ಶಾಖೆಯಲ್ಲಿ ನಾನಿದ್ದೆ. ಖಾತ್ರಿ ಕೂಲಿ 15 ದಿನದೊಳಗೆ ಬರಬೇಕು ಅಂತ ಕಾನೂನಿತ್ತು. ಎರಡು, ಮೂರು ತಿಂಗಳಾದದ್ದನ್ನು ನಾನೇ ಕಂಪ್ಯೂಟರಿನಲ್ಲಿ ನೋಡಿದ್ದೇನೆ. ಎಲ್ಲಿ ಸಿಕ್ಕಿಕೊಂಡಿದೆ ಅಂತ ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುವರು. ಒಬ್ಬ ಅಜ್ಜಿ ಬಸ್ ಚಾರ್ಜು ಕೊಟ್ಟುಕೊಂಡು ನಾಲ್ಕನೇ ಸಲ ಬಂದಿದ್ದಳು. "ಸಾಹೇಬ್ರ, ಖಾತ್ರಿ ರೊಕ್ಕ ಬಂದೈತೇನ್ರಿ?" ಪಾಸ್‌ಬುಕ್ ಎಂಟ್ರಿ ಹಾಕಿಸಿ ನೋಡಿ, ಇಲ್ಲಮ್ಮ ಅಂದೆ. ಅವಳು ಜಗಳ ಆಡಲಿಲ್ಲ. "ಇಲ್ಲಂದ್ರ ಇಲ್ಲಂತ ಬರದ್ ಕೊಡ್ರಿ, ಕಿರಾಣಿ ಅಂಗಡ್ಯಾವ್ಗ ತೋರಸ್ತೀನಿ" ಅಂದಳು.

ವಿತ್‌ಡ್ರಾವಲ್ ಚೀಟಿಯ ಹಿಂಭಾಗದಲ್ಲಿ ಬರೆದುಕೊಟ್ಟೆ. ಸಿಕ್ಕಾ ಹೊಡೀರಿ ಅಂದಳು. ಅಂಥದಕ್ಕೆಲ್ಲ ಸೀಲು ಹಾಕುವ ಹಾಗಿರಲಿಲ್ಲ.